ಮುಸುಕಿನೊಳಗಿನ ಸಂಖ್ಯೆ

ಮಾರ್ಚ್ ೩, ಸೋಮವಾರ

ಮಾನ್ಯ ಅಧ್ಯಕ್ಷರೇ, ವೇದಿಕೆಯನ್ನು ಅಲಂಕರಿಸಿರುವ ಗಣ್ಯರೇ, ಮುಂದಿನ ಸಾಲಿನಲ್ಲಿ ಈಗಾಗಲೇ ಆಕಳಿಸುತ್ತಿರುವ ಹಿರಿಯರೇ, ಹಿಂದಿನ ಸಾಲಿನಲ್ಲಿ ಬಾಗಿಲಿಗೆ ಹತ್ತಿರದ ಕುರ್ಚಿ ಹುಡುಕುತ್ತಿರುವ ಕಿರಿಯರೇ! ಈ ದಿನಚರಿಯ ಉದ್ಘಾಟನಾ ಸಮಾರಂಭಕ್ಕೆ ತಮಗೆಲ್ಲ ಆದರದ ಸ್ವಾಗತ. ತಾವು ಯಾರೂ ಇಲ್ಲಿ ಇಲ್ಲ ಎಂಬುದೇ ಈ ಸಭೆಯ ವೈಶಿಷ್ಟ್ಯ. ಕುರ್ಚಿಗಳ ಬಾಡಿಗೆ ಉಳಿಯಿತು.

ನಾನು ನಕ್ಷತ್ರಗಳ ಬೆಳಕನ್ನು ಅಳೆಯುವವನು. ನನ್ನ ತಕ್ಕಡಿ ಭೂಮಿಯನ್ನು ಸುತ್ತುತ್ತಿರುವ ಒಂದು ದೂರದರ್ಶಕ. ಅದನ್ನು ನಾನು ಒಮ್ಮೆಯೂ ಕಣ್ಣಾರೆ ಕಂಡಿಲ್ಲ. ಅದರೊಳಗೆ ಅಂಗೈಯಗಲದ ಒಂದು ಸಿಲಿಕಾನ್ ತಟ್ಟೆ, ತಟ್ಟೆಯ ತುಂಬ ಕಣ್ಣಿಗೆ ಕಾಣದ ಚೌಕಗಳು. ನಕ್ಷತ್ರದ ಬೆಳಕು ಬಿದ್ದ ಚೌಕಗಳಲ್ಲಿ ಎಲೆಕ್ಟ್ರಾನುಗಳು ಕೂಡಿಕೊಳ್ಳುತ್ತವೆ. ಅವನ್ನು ಎಣಿಸಿದರೆ ನಕ್ಷತ್ರದ ಪ್ರಕಾಶ ಎಷ್ಟೆಂದು ತಿಳಿಯುತ್ತದೆ. ಇಷ್ಟೇ ಕೆಲಸ. ಇಷ್ಟಕ್ಕೆ ಇಷ್ಟು ವರ್ಷ ಸಂಬಳ ಕೊಟ್ಟಿದ್ದಾರೆ. ಆ ಸಂಬಳದ ಕುರಿತು ಎರಡು ಸಾಲು:

ಅಳತೆಯೇ ಊಟ, ಅಳತೆಯೇ ನಿದ್ದೆ,
ಕೆಳಗಿದೆ ಸಂಬಳ, ಮೇಲಿದೆ ಶ್ರದ್ಧೆ.

(ಚಪ್ಪಾಳೆ.)

ಸದ್ಯಕ್ಕೆ ನಮ್ಮ ಗುಂಪು ಅಳೆಯುತ್ತಿರುವುದು ಒಂದೇ ಒಂದು ನಕ್ಷತ್ರವನ್ನು. ಬರಿಗಣ್ಣಿಗೆ ಕಾಣದಷ್ಟು ಮಂಕು. ಆದರೆ ಅದರ ಬೆಳಕು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಹಾಗಾಗಿ ಬಟ್ಟೆ ಅಂಗಡಿಯ ಮೀಟರ್ ಕೋಲಿನಂತೆ ಅದನ್ನು ಮುಂದಿಟ್ಟುಕೊಂಡು ಜಗತ್ತಿನವರೆಲ್ಲ ಉಳಿದ ನಕ್ಷತ್ರಗಳನ್ನು ಅಳೆಯುತ್ತಾರೆ. ಆ ಕೋಲಿನ ಉದ್ದ ಇಷ್ಟೇ ಎಂದು, ಪ್ರಾಯದಲ್ಲಿ ಬೆಟ್ಟದ ಮೇಲೆ ಚಳಿಯಲ್ಲಿ ಕೂತು ಗೊತ್ತುಮಾಡಿದವನು ನಾನು. ಎಲ್ಲ ಪಟ್ಟಿಗಳಲ್ಲೂ ಇಂದಿಗೂ ನನ್ನ ಅಳತೆಯೇ ಇದೆ. ನಾನು ಮಾಡಿದ ಕೆಲಸಗಳಲ್ಲಿ ಯಾರೂ ತಿದ್ದದೆ ಬಿಟ್ಟಿರುವುದು ಅದೊಂದೇ. ನನ್ನ ಹೆಂಡತಿ ಆ ನಕ್ಷತ್ರವನ್ನು ಸವತಿ ಎಂದು ಕರೆಯುತ್ತಾಳೆ. "ಏನಂತಾಳೆ ನಿಮ್ಮ ಸವತಿ?" ಎಂದು ಕೇಳಿಯೇ ಕಾಫಿ ಕೊಡುವುದು. ಅವಳಿಗೆ ಸವತಿಯಾದರೆ ನನಗೆ ಹೇಗೆ ಸವತಿಯಾಗುತ್ತಾಳೆ ಎಂದು ಮೊದಮೊದಲು ವಾದಿಸುತ್ತಿದ್ದೆ. ಈಗ ಕಾಫಿ ಕುಡಿಯುತ್ತೇನೆ.

ಈಗ ಗಾಳಿ ಮೋಡಗಳ ಕಾಟವಿಲ್ಲದ ಎತ್ತರದಿಂದ ಹೊಸ ಅಳತೆ. ಹಳೆಯ ಅಳತೆ ಗೊತ್ತಿದ್ದವನು ಹೊಸದನ್ನೂ ತನಗರಿವಿಲ್ಲದೆ ಅದರ ಕಡೆಗೇ ವಾಲಿಸುತ್ತಾನಲ್ಲ, ಅದಕ್ಕಾಗಿ ನಮ್ಮಲ್ಲಿ ಒಂದು ಪದ್ಧತಿ ಇದೆ. ಅದರ ಹೆಸರು ಮುಸುಕು. ಗುಂಪಿನ ಯಜಮಾನರು, ಅಂದರೆ ನಾವು ದೊಡ್ಡೋರು ಎನ್ನುವವರು, ಕಂಪ್ಯೂಟರಿನಿಂದ ಒಂದು ಗುಟ್ಟಿನ ಸಂಖ್ಯೆ ಆರಿಸಿ ನಮ್ಮ ಉತ್ತರಗಳನ್ನೆಲ್ಲ ಅದರಿಂದ ಗುಣಿಸಿಟ್ಟಿರುತ್ತಾರೆ. ಯಾವ ತಿದ್ದುಪಡಿ ಬೇಕು, ಯಾವುದು ಬೇಡ ಎಂದು ಎಲ್ಲರೂ ಒಪ್ಪಿ ಮುಗಿದ ಮೇಲೆಯೇ ಸಭೆಯಲ್ಲಿ ಮುಸುಕು ತೆಗೆಯುವುದು. ಆಮೇಲೆ ಏನನ್ನೂ ಮುಟ್ಟುವಂತಿಲ್ಲ. ಆ ಸಂಖ್ಯೆ ಎಲ್ಲರೂ ಬಳಸುವ ಕಡತಗಳ ನಡುವೆಯೇ ಇದೆ. ಫೈಲಿನ ಹೆಸರು "ತೆರೆಯಬೇಡಿ". ಬೀಗ ಇಲ್ಲ. ಮರ್ಯಾದೆಯೇ ಬೀಗ.

ಮುಸುಕು ತೆಗೆಯುವ ದಿನ ಇದೇ ೨೮. ಸಭಿಕರು ಅಂದು ದಯವಿಟ್ಟು ಸಕುಟುಂಬ ಬರಬೇಕು.

ಮಾರ್ಚ್ ೫, ಬುಧವಾರ

ಸಭಾಸದರೇ, ಇಂದು ಜೀರುಂಡೆಯ ಉಪನ್ಯಾಸ.

ಜೀರುಂಡೆ ನಮ್ಮ ಗುಂಪಿನ ಕಿರಿಯ ಸಂಶೋಧಕಿ. ಕೆಲಸ ಮಾಡುವಾಗ ಮೂಗಿನಲ್ಲೇ ಏನೋ ಗುನುಗುತ್ತಿರುತ್ತಾಳೆ, ತನಗೇ ಗೊತ್ತಿಲ್ಲ, ಅದಕ್ಕೆ ಆ ಹೆಸರು. ಗುತ್ತಿಗೆಯ ಕೆಲಸ. ಅವಧಿ ಏಪ್ರಿಲ್ ಮೊದಲ ವಾರಕ್ಕೆ ಮುಗಿಯುತ್ತದೆ. ಅವಳ ತಿದ್ದುಪಡಿಯನ್ನು ಗುಂಪು ಒಪ್ಪಿದರೆ ಮುಂದುವರಿಕೆ, ಇಲ್ಲದಿದ್ದರೆ ಹೂಗುಚ್ಛ.

ತಿದ್ದುಪಡಿ ಇಷ್ಟು. ತಟ್ಟೆಯಲ್ಲಿ ಕೂಡಿದ ಎಲೆಕ್ಟ್ರಾನುಗಳನ್ನು ಇದ್ದಲ್ಲೇ ಎಣಿಸಲಾಗುವುದಿಲ್ಲ. ಒಂದು ಸಾಲಿನಿಂದ ಮುಂದಿನ ಸಾಲಿಗೆ ದಾಟಿಸುತ್ತ ಅಂಚಿಗೆ ತಂದು ಅಲ್ಲಿ ಎಣಿಸಬೇಕು. ಬಾಹ್ಯಾಕಾಶದ ಕಣಗಳು ವರ್ಷಗಟ್ಟಲೆ ಬಡಿದು ಬಡಿದು ಸಿಲಿಕಾನಿನಲ್ಲಿ ಅಲ್ಲಲ್ಲಿ ಗುಂಡಿಗಳಾಗಿವೆ. ದಾಟುವಾಗ ಒಂದಿಷ್ಟು ಎಲೆಕ್ಟ್ರಾನುಗಳು ಅವುಗಳಲ್ಲಿ ಸಿಕ್ಕಿಬೀಳುತ್ತವೆ.

"ಸಾಲಾಗಿ ನಿಂತು ಕೈಯಿಂದ ಕೈಗೆ ನೀರಿನ ಕೊಡ ದಾಟಿಸಿದ ಹಾಗೆ ಸರ್," ಎಂದಳು. "ದೂರದಿಂದ ಬಂದ ಕೊಡ ಜಾಸ್ತಿ ತುಳುಕಿರುತ್ತೆ. ನಾವು ಕೊನೇಲಿ ನಿಂತು, ಅಯ್ಯೋ ಬಾವೀಲೇ ನೀರು ಕಮ್ಮಿ ಅಂತೀವಿ."

"ತುಳುಕಿದ್ದಕ್ಕೆ ಈಗಾಗಲೇ ಒಂದು ತಿದ್ದುಪಡಿ ಇದೆಯಲ್ಲಮ್ಮ?" ಎಂದೆ.

"ಅದು ತಟ್ಟೆ ಹೊಸದಾಗಿದ್ದಾಗ ಮಾಡಿದ್ದು. ಈಗ ಗುಂಡಿ ಜಾಸ್ತಿ ಆಗಿವೆ. ನೋಡಿ, ಪರೀಕ್ಷೆಗೆ ಅಂತ ಬೇರೆ ನಕ್ಷತ್ರಗಳನ್ನ ತಗೊಂಡು, ಅವನ್ನೇ ಅಂಚಿನ ಹತ್ತಿರ ಬೀಳಿಸಿ ಅಳೆದೆ, ದೂರ ಬೀಳಿಸಿ ಅಳೆದೆ. ಎರಡೂ ಒಂದೇ ಬರ್ಬೇಕು ತಾನೆ? ಬರಲ್ಲ. ನನ್ನ ತಿದ್ದುಪಡಿ ಹಾಕಿದ್ರೆ ಬರುತ್ತೆ."

ನನ್ನ ನಕ್ಷತ್ರ ಬಿದ್ದಿರುವುದು ಅಂಚಿನಿಂದ ದೂರದಲ್ಲಿ. ತಿದ್ದುಪಡಿ ಹಾಕಿದರೆ ಅದರ ಬೆಳಕು ನೂರಕ್ಕೆ ಒಂದೂವರೆ ಪಾಲು ಹೆಚ್ಚುತ್ತದೆ. ಮುಸುಕು ಇರುವುದರಿಂದ ಅದು ನನ್ನ ಹಳೆಯ ಅಳತೆಗೆ ಹತ್ತಿರವಾಗುತ್ತದೋ ದೂರವಾಗುತ್ತದೋ ಯಾರಿಗೂ ಗೊತ್ತಿಲ್ಲ. ನನಗೂ.

ದೊಡ್ಡೋರು ತಲೆಯಾಡಿಸಿ, "ಈ ನಕ್ಷತ್ರದ ವಿಷಯದಲ್ಲಿ ಕೊನೇ ಮಾತು ಇವರದು. ಇವರನ್ನ ಒಪ್ಪಿಸು," ಎಂದು ನನ್ನ ಕಡೆ ಬೆರಳು ತೋರಿಸಿದರು. ಒಪ್ಪುವುದಕ್ಕೆ ನಾನು ತಯಾರಾಗಿಯೇ ಇದ್ದೆ. ಕೆಲಸ ಚೊಕ್ಕವಾಗಿತ್ತು. ಆದರೂ ಗತ್ತಿಗೆ ಇರಲಿ ಎಂದು "ನೋಡೋಣ" ಎಂದೆ.

ಮಾರ್ಚ್ ೭, ಶುಕ್ರವಾರ

ಸಭಿಕರೇ, ಒಂದು ಅಪಘಾತ.

ಮಧ್ಯಾಹ್ನ ಊಟಕ್ಕೆ ಎಲ್ಲರೂ ಹೋಗಿದ್ದರು. ದೂರದರ್ಶಕದ ಮುಚ್ಚಳ ಮುಚ್ಚಿ ತೆಗೆದ ಕತ್ತಲೆಯ ಚಿತ್ರಗಳನ್ನು ಹುಡುಕುತ್ತ ಕಡತಗಳಲ್ಲಿ ಅಡ್ಡಾಡುತ್ತಿದ್ದೆ. ಬೆರಳು ಜಾರಿತು. ಈ ಹಾಳು ಕಂಪ್ಯೂಟರಿನಲ್ಲಿ ಫೈಲಿನ ಮೇಲೆ ಒಮ್ಮೆ ಒತ್ತಿದರೂ ಸಾಕು, ಒಳಗಿರುವುದು ಪಕ್ಕದಲ್ಲೇ ಕಾಣಿಸಿಬಿಡುತ್ತದೆ. ಮುಸುಕಿನ ಸಂಖ್ಯೆ ಕಣ್ಣಿಗೆ ಬಿತ್ತು. ತಕ್ಷಣ ಮುಚ್ಚಿದೆ. ಮರೆತೂಬಿಟ್ಟೆ.

ಕಂಡೂ ಕಾಣದ ಕಣ್ಣಿಗೆ ಶರಣು,
ಉಂಡೂ ಉಣ್ಣದ ಹೊಟ್ಟೆಗೆ ಶರಣು.

ದೊಡ್ಡೋರಿಗೆ ಹೇಳಬೇಕು. ಸೋಮವಾರ ಹೇಳಿದರಾಯಿತು. ಮರೆತುಹೋಗಿರುವುದರಿಂದ ಹೇಳುವುದಕ್ಕೂ ಹೆಚ್ಚೇನಿಲ್ಲ.

ಮಾರ್ಚ್ ೮, ಶನಿವಾರ

ಮರೆತಿಲ್ಲ.

ನಿನ್ನೆ, ತಟ್ಟೆಗೆಲ್ಲ ಒಂದೇ ಸಮ ಬೆಳಕು ಬೀಳಿಸಿ ತೆಗೆದ ಚಿತ್ರಗಳನ್ನು ಹುಡುಕುವಾಗ ಒಂದು ಕ್ಷಣ ಕಂಡದ್ದು ಅಷ್ಟೇ. ಆದರೆ ಇಷ್ಟು ವರ್ಷ ಅಂಕಿಗಳ ಜೊತೆ ಬಾಳಿದ ತಲೆ, ಬಿಡುವುದಿಲ್ಲ. ಬೆಳಿಗ್ಗೆ ಹಲ್ಲುಜ್ಜುವಾಗ ನಾನು ಭಾಗಿಸಲಿಲ್ಲ, ಅದು ತಾನಾಗಿಯೇ ಭಾಗಿಸಿಕೊಂಡಿತು.

ಈಗಿರುವ ಹಾಗೆಯೇ ಬಿಟ್ಟರೆ ನನ್ನ ಹಳೆಯ ಅಳತೆಗೂ ಹೊಸದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಜೀರುಂಡೆಯ ತಿದ್ದುಪಡಿ ಹಾಕಿದರೆ ನನ್ನ ಹಳೆಯ ಅಳತೆ ಒಂದೂವರೆ ಪಾಲು ಕಡಿಮೆ. ಅಂದರೆ ತಪ್ಪು. ಆ ಬೆಟ್ಟದ ಮೇಲೆ ಅಂದು ತೆಳುಮೋಡ ಇದ್ದಿರಬೇಕು, ಯುವಕನಿಗೆ ಕಂಡಿರಲಿಕ್ಕಿಲ್ಲ.

ಒಂದೂವರೆ ಪಾಲಿಗೆ ಯಾರೂ ಸಾಯುವುದಿಲ್ಲ. ನಕ್ಷತ್ರಕ್ಕಂತೂ ಸುದ್ದಿಯೇ ಮುಟ್ಟುವುದಿಲ್ಲ. ಆ ಕೋಲನ್ನು ನಂಬಿ ಅಳೆದವರದೆಲ್ಲ ಅಷ್ಟಷ್ಟು ಸೊಟ್ಟಗಾಗಿರುತ್ತದೆ, ಅಷ್ಟೇ.

"ಏನಂತಾಳೆ ಸವತಿ?" ಎಂದಳು ಹೆಂಡತಿ.

"ಚೆನ್ನಾಗಿದ್ದಾಳೆ."

"ಮತ್ತೆ ನಿಮಗೇನಾಗಿದೆ? ಕಾಫಿಗೆ ಸಕ್ಕರೆ ಹಾಕಿಲ್ಲ ನಾನು, ಬೇಕು ಅಂತಲೇ. ಗೊತ್ತೇ ಆಗ್ಲಿಲ್ಲ ಅಲ್ವಾ?"

ಮಾರ್ಚ್ ೧೨, ಬುಧವಾರ

ಸೋಮವಾರ ದೊಡ್ಡೋರು ರಜೆ. ನಿನ್ನೆ ಅವರಿಗೆ ನೆಗಡಿ. ಇಂದು ನನಗೆ.

ಹೆಂಡತಿಗೆ ಕಣ್ಣಿನ ಆಸ್ಪತ್ರೆಯಲ್ಲಿ ದೃಷ್ಟಿ ಪರೀಕ್ಷಿಸುವ ಕೆಲಸ. ಸಂಜೆ ಊಟಕ್ಕೆ ಕೂತಾಗ ನಗುತ್ತ ಹೇಳಿದಳು: ಲೈಸೆನ್ಸಿಗೆ ಕಣ್ಣು ತೋರಿಸಲು ಬಂದ ಒಬ್ಬ ದೊಡ್ಡ ಮನುಷ್ಯ, ಇವಳು ಗೋಡೆಯ ಫಲಕದ ದೀಪ ಹಾಕುವ ಮೊದಲೇ ಕೊನೆಯ ಸಾಲಿನ ಅಕ್ಷರಗಳನ್ನೆಲ್ಲ ಪಟಪಟ ಒಪ್ಪಿಸಿಬಿಟ್ಟನಂತೆ. ಹೊರಗೆ ಸರದಿಯಲ್ಲಿ ಕೂತು ಕೇಳಿಸಿಕೊಂಡು ಬಾಯಿಪಾಠ ಮಾಡಿದ್ದ.

"ನೀನೇನು ಮಾಡ್ದೆ?"

"ಏನ್ ಮಾಡ್ಲಿ? 'ಸ್ವಾಮಿ, ಇನ್ನೂ ದೀಪ ಹಾಕಿಲ್ಲ' ಅಂದೆ. ಪಾಪ, ಕಿವಿ ಕೆಂಪಾಗಿಹೋಯ್ತು. ಎಷ್ಟು ನಕ್ಕೆವು ಗೊತ್ತಾ ಆಮೇಲೆ. ಯಾಕೆ, ಊಟ ಸೇರ್ತಿಲ್ವಾ?"

"ನೆಗಡಿ," ಎಂದೆ.

ಮಾರ್ಚ್ ೧೪, ಶುಕ್ರವಾರ

ತಕ್ಕಡಿ ಹಿಡಿದವನ ಕೈ ನಡುಗಿದರೆ

ಎರಡನೆಯ ಸಾಲು ಹೊಳೆಯಲಿಲ್ಲ.

ಮಾರ್ಚ್ ೧೯, ಬುಧವಾರ

ಜೀರುಂಡೆಯ ತಿದ್ದುಪಡಿಯ ಬಗ್ಗೆ ಚರ್ಚೆ. ಸಭಿಕರೇ, ನಾನು ಬಹಳ ಚೆನ್ನಾಗಿ ಮಾತಾಡಿದೆ.

ಕಳೆದ ವಾರ ಅವಳಿಗೆ ಪರೀಕ್ಷೆಯ ನಕ್ಷತ್ರಗಳು ಸಾಲವು ಎಂದಿದ್ದೆ. ಹೋಗಿ ಇನ್ನಷ್ಟು ಅಳೆದು ತಂದಳು. ಅವುಗಳ ಹಿನ್ನೆಲೆಯ ಬೆಳಕು ನಮ್ಮ ನಕ್ಷತ್ರದ ಹಿನ್ನೆಲೆಗಿಂತ ಹೆಚ್ಚು ಎಂದೆ. ಹಿನ್ನೆಲೆ ಕಡಿಮೆ ಇರುವವನ್ನೇ ಆರಿಸಿ ತಂದಳು. ಅವುಗಳ ಬಣ್ಣ ಬೇರೆ ಎಂದೆ.

"ಸರ್, ಗುಂಡಿಗೆ ಬಿದ್ದ ಎಲೆಕ್ಟ್ರಾನಿಗೆ ತಾನು ಯಾವ ಬಣ್ಣದ ಬೆಳಕಿಂದ ಹುಟ್ಟಿದ್ದು ಅಂತ ನೆನಪಿರುತ್ತಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕು, "ನೆನಪಿರಲ್ಲ ಅಂತ ನೀನು ತೋರಿಸಬೇಕಲ್ಲಮ್ಮ," ಎಂದೆ.

"ಎಷ್ಟು ತೋರಿಸಿದ್ರೆ ಸಾಕು ಅಂತ ಒಂದ್ಸಲ ಹೇಳಿಬಿಡಿ ಸರ್. ಅಷ್ಟು ತೋರಿಸ್ತೀನಿ."

"ವಿಜ್ಞಾನದಲ್ಲಿ ಸಾಕು ಅನ್ನೋದಿಲ್ಲ."

ನಾನು ಒಂದೇ ಒಂದು ಸುಳ್ಳನ್ನೂ ಆಡಲಿಲ್ಲ. ನನ್ನ ಆಕ್ಷೇಪಣೆಗಳನ್ನು ಬಿಡಿಬಿಡಿಯಾಗಿ ಯಾವ ಪುಸ್ತಕದಲ್ಲಿ ಬೇಕಾದರೂ ಅಚ್ಚು ಹಾಕಿಸಬಹುದು. ಬೇರೆ ಯಾರಾದರೂ ಬೇರೆ ಯಾವ ಕಾರಣಕ್ಕಾದರೂ ಅವನ್ನೇ ಹೇಳಿದ್ದರೆ ಅವರನ್ನು ನಾನು ಮೆಚ್ಚುತ್ತಿದ್ದೆ. ಕೊನೆಗೆ ದೊಡ್ಡೋರು, "ಇವರಿಗೆ ಇಷ್ಟು ಅನುಮಾನ ಇದ್ದಮೇಲೆ ಹಳೇ ತಿದ್ದುಪಡಿಯೇ ಇರಲಿ," ಎಂದು ತೀರ್ಮಾನಿಸಿದರು.

ಮನೆಗೆ ಬಂದು ಎರಡು ಸಲ ಸ್ನಾನ ಮಾಡಿದೆ. ಸೆಖೆ.

ಮಾರ್ಚ್ ೨೧, ಶುಕ್ರವಾರ

ಪಕ್ಕದ ಕೋಣೆಯಲ್ಲಿ ಏನೋ ಕೆಟ್ಟಿರಬೇಕು ಎಂದು ಬೆಳಿಗ್ಗೆಯಿಂದ ಅನ್ನಿಸುತ್ತಿತ್ತು. ಫ್ಯಾನೋ, ಏಸಿಯೋ. ನಾಲ್ಕು ಗಂಟೆಯ ಚಹಾ ಹೊತ್ತಿಗೆ ಗೊತ್ತಾಯಿತು. ಅವಳು ಗುನುಗುತ್ತಿರಲಿಲ್ಲ.

ಮಾರ್ಚ್ ೨೮, ಶುಕ್ರವಾರ

ಮುಸುಕು ತೆಗೆದರು.

ದೊಡ್ಡೋರು ಹೊಸ ಅಂಗಿ ಹಾಕಿಕೊಂಡು ಬಂದಿದ್ದರು. ಪರದೆಯ ಮೇಲೆ ಒಂದು ಕಡೆ ನನ್ನ ಹಳೆಯ ಅಳತೆ, ಇನ್ನೊಂದು ಕಡೆ ಖಾಲಿ ಜಾಗ. ಎಲ್ಲರೂ ಪರದೆ ನೋಡುತ್ತಿದ್ದರು. ನಾನು ಅವರ ಮುಖಗಳನ್ನು ನೋಡುತ್ತಿದ್ದೆ, ಏಕೆಂದರೆ ನನ್ನ ಮುಖದಲ್ಲಿ ಏನು ಕಾಣಿಸಬೇಕು ಎಂದು ಅವುಗಳಿಂದ ಕಲಿಯಬೇಕಿತ್ತು. ಅಂಕಿ ಮೂಡಿತು. ಅವರ ಹುಬ್ಬುಗಳು ಮೇಲೇರಿದವು. ನಾನೂ ಏರಿಸಿದೆ.

ಚಪ್ಪಾಳೆ. ಈ ಸಲ ಆವರಣ ಚಿಹ್ನೆಯೊಳಗಿನದಲ್ಲ.

"ಎಂಥ ಕೈ ಮಾರಾಯ್ರೆ ನಿಮ್ದು!" ಎಂದು ದೊಡ್ಡೋರು ಬೆನ್ನು ತಟ್ಟಿದರು. "ಬೆಟ್ಟದ ಮೇಲೆ ಗಾಳಿ ಮಧ್ಯೆ ಕೂತು ಮಾಡಿದ್ದು, ಕೂದಲೆಳೆ ಕದಲಿಲ್ಲ!"

ಹೂಗುಚ್ಛ ಎರಡಿದ್ದವು. ಒಂದು ನನಗೆ. ಇನ್ನೊಂದು ಅವಳಿಗೆ, ಬೀಳ್ಕೊಡುಗೆಗೆ.

ಕೊನೆಯಲ್ಲಿ ಬಂದು ಕೈ ಕುಲುಕಿದಳು. ಸಿಟ್ಟಿರುತ್ತದೆ ಎಂದುಕೊಂಡಿದ್ದೆ. ಸಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು.

"ನೀವೇ ಸರಿ ಸರ್. ನನ್ನದು ಹಾಕಿದ್ರೆ ಒಂದೂವರೆ ಪಾಲು ಆಚೆ ಹೋಗ್ತಿತ್ತು. ಎಲ್ಲೋ ತಪ್ಪಿದೀನಿ. ಹುಡುಕ್ತೀನಿ."

ಮಾರ್ಚ್ ೩೧, ಸೋಮವಾರ

ಹುಡುಕುತ್ತಿದ್ದಾಳೆ. ಮೂರು ದಿನದಿಂದ, ರಜೆಯ ದಿನಗಳೂ ಸೇರಿ.

ಏಪ್ರಿಲ್ ೧, ಮಂಗಳವಾರ

ಬೆಳಿಗ್ಗೆ ನನ್ನ ಕೋಣೆಗೆ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಳು. ಕಣ್ಣಿನ ಕೆಳಗೆ ಕಪ್ಪಾಗಿತ್ತು.

"ಒಂದರ್ಧ ಗಂಟೆ ಕೂರ್ತೀರಾ ಸರ್? ನನಗೆ ತಪ್ಪು ಸಿಗ್ತಿಲ್ಲ. ನಿಮ್ಮ ಕಣ್ಣಿಗಾದ್ರೂ ಸಿಗಬಹುದು."

ಕೂತೆ. ಅರ್ಧ ಗಂಟೆಯಲ್ಲ, ಮಧ್ಯಾಹ್ನದವರೆಗೂ. ಒಂದೊಂದು ಸಾಲನ್ನೂ ಓದಿ ವಿವರಿಸಿದಳು. ಗುಂಡಿಯಲ್ಲಿ ಸಿಕ್ಕಿದ ಎಲೆಕ್ಟ್ರಾನು ಸ್ವಲ್ಪ ಹೊತ್ತಿನ ಮೇಲೆ ಹೊರಬಂದು ನಕ್ಷತ್ರದ ಹಿಂದೆ ಸಣ್ಣ ಬಾಲದಂತೆ ಕಾಣುತ್ತದೆ. ಆ ಬಾಲವನ್ನು ಅಳೆದು, ಕಳೆದುಹೋದದ್ದು ಇಷ್ಟೇ ಎಂದು ಅವಳು ಲೆಕ್ಕ ಹಾಕಿದ ಬಗೆ ನೋಡಿ ಒಂದು ಕಡೆ ನಾನು ಎಲ್ಲ ಮರೆತು "ಆಹಾ!" ಎಂದುಬಿಟ್ಟೆ.

"ಸಿಕ್ತಾ ಸರ್? ಇಲ್ಲೇ ತಪ್ಪಾ?" ಎಂದು ಆಸೆಯಿಂದ ಕೇಳಿದಳು.

"ಇಲ್ಲ, ಇಲ್ಲಿ ಸರಿಯಾಗಿದೆ."

"ಥೂ," ಎಂದಳು. ಸರಿಯಾಗಿದೆ ಎಂದಿದ್ದಕ್ಕೆ.

ಎದ್ದು ಹೋಗುವಾಗ ಹೇಳಿದಳು: "ಬೇರೆ ಕಡೆ ಒಂದು ಕೆಲಸಕ್ಕೆ ಕರೆದಿದ್ರು ಸರ್, ಇದೇ ತಟ್ಟೆಗಳ ಕೆಲಸ. ಬೇಡ ಅಂತ ಬರೆದುಬಿಡೋಣ ಅಂತ. ಇಷ್ಟು ದಿನ ಮಾಡಿದ್ದರಲ್ಲಿ ತಪ್ಪೆಲ್ಲಿದೆ ಅಂತಾನೇ ಕಾಣದೋಳು ನಾಳೆ ಇನ್ನೊಂದರಲ್ಲಿ ಏನ್ ಕಾಣ್ತೀನಿ? ಅಪ್ಪ ಅಂತೂ ಪಾಠ ಹೇಳೋ ಕೆಲಸ ಹಿಡಿ, ಜೀವಕ್ಕೆ ಸುಖ ಅಂತಿದಾರೆ."

ಏನಾದರೂ ಹೇಳಬೇಕಿತ್ತು. "ದುಡುಕಬೇಡ" ಎಂದೆ. ಆ ಮಾತು ಅವಳು ಹೋದಮೇಲೂ ಕೋಣೆಯಲ್ಲೇ ಉಳಿಯಿತು.

ಏಪ್ರಿಲ್ ೩, ಗುರುವಾರ

ಹೇಳಿಬಿಟ್ಟೆ. ವಾರದ ಸಭೆಯಲ್ಲಿ, ಎಲ್ಲರ ಎದುರಿಗೆ, ಎದ್ದು ನಿಂತು.

"ಮುಸುಕಿನ ಸಂಖ್ಯೆ ನನ್ನ ಕಣ್ಣಿಗೆ ಬಿದ್ದಿತ್ತು. ಚರ್ಚೆಗೆ ಮುಂಚೆಯೇ. ಹಳೆಯ ವರದಿಯೊಂದನ್ನು ಹುಡುಕುವಾಗ ಬೆರಳು ಜಾರಿತು. ಆಗಲೇ ಹೇಳಬೇಕಿತ್ತು, ಹೇಳಲಿಲ್ಲ. ಕ್ಷಮಿಸಿ."

ಈಗ ಬೀಳುತ್ತದೆ ಏಟು ಎಂದು ಕಾದೆ. ಬಿದ್ದಿದ್ದರೆ ಮನೆಗೆ ಹೋಗಿ ನೆಮ್ಮದಿಯಾಗಿ ಮಲಗುತ್ತಿದ್ದೆನೇನೋ.

ದೊಡ್ಡೋರು ಕನ್ನಡಕ ತೆಗೆದು ಒರೆಸಿಕೊಂಡರು. "ಇದನ್ನ ನೀವು ಹೇಳದೇ ಇದ್ದಿದ್ರೆ ನಮಗ್ಯಾರಿಗೂ ಗೊತ್ತೇ ಆಗ್ತಿರಲಿಲ್ಲ. ನೋಡಿ, ನೋಡಿಕೊಳ್ಳಿ ಎಲ್ಲರೂ. ಮನುಷ್ಯ ಅಂದ್ರೆ ಹೀಗಿರಬೇಕು."

"ಆದರೆ ಫಲಿತಾಂಶ..." ಎಂದೆ.

"ಫಲಿತಾಂಶಕ್ಕೇನಾಗಿದೆ? ಬೇಕು ಅಂತ ನೋಡಿದೋನು ಕದ್ದು ನೋಡಿ ಸುಮ್ಮನಿರ್ತಾನೆ, ಸಭೇಲಿ ಎದ್ದು ನಿಲ್ಲಲ್ಲ. ನೀವು ಅವತ್ತು ಹೇಳಿದ ಕಾರಣಗಳೆಲ್ಲ ನ್ಯಾಯವಾದವೇ. ಒಂದು ಅಡಿಟಿಪ್ಪಣಿ ಹಾಕೋಣ, ಮುಗೀತು." ಆಮೇಲೆ ಎಲ್ಲರ ಕಡೆ ತಿರುಗಿ, "ನನಗೂ ವಯಸ್ಸಾಯ್ತು. ಮುಂದಿನ ಅಳತೆಯಿಂದ ಮುಸುಕಿನ ಸಂಖ್ಯೆ ಇವರ ಹತ್ತಿರವೇ ಇರಲಿ. ಇವರಿಗಿಂತ ನಂಬಿಗಸ್ತರು ಯಾರಿದಾರೆ?"

ಯಾರೂ ಇರಲಿಲ್ಲ. ಎಲ್ಲರೂ ಒಪ್ಪಿದರು.

ಸಂಜೆ ಹೆಂಡತಿಗೆ ಹೇಳಿದೆ, ಇದೇ ಕ್ರಮದಲ್ಲಿ. ಅವಳು ತಟ್ಟೆ ಕೆಳಗಿಟ್ಟು ನನ್ನನ್ನೇ ನೋಡಿದಳು.

"ಒಳ್ಳೇದಾಯ್ತಲ್ಲ. ಮತ್ತೆ ಯಾಕೆ ಹೀಗೆ ಕೂತಿದೀರಿ?"

"ಹೇಗೆ?"

"ದೀಪ ಹಾಕೋ ಮುಂಚೆ ಓದಿದೋರ ಹಾಗೆ," ಎಂದು ನಕ್ಕಳು. ಅವಳದು ತಮಾಷೆ. ನನ್ನ ಕಿವಿ ಬಿಸಿಯಾಗಿದ್ದು ಅವಳಿಗೆ ಕಾಣಿಸಿತೋ ಇಲ್ಲವೋ, ನಗು ಮಾತ್ರ ಅರ್ಧಕ್ಕೇ ನಿಂತಿತು.

ಏಪ್ರಿಲ್ ೪, ಶುಕ್ರವಾರ

ಇಂದು ಅವಳ ಕೊನೆಯ ದಿನ. ಮೇಜು ಖಾಲಿ ಮಾಡಿ, ಒಂದು ರಟ್ಟಿನ ಡಬ್ಬ ಬಗಲಲ್ಲಿಟ್ಟುಕೊಂಡು ಹೇಳಿಹೋಗಲು ಬಂದಳು. ಡಬ್ಬದಲ್ಲಿ ಒಂದು ಲೋಟ, ಸಣ್ಣ ಗಿಡ, ಚಾರ್ಜರು. ಕೂರು ಎಂದೆ. ಕೂರಲಿಲ್ಲ.

"ನಿನ್ನೆ ನೀವು ಎದ್ದು ನಿಂತಿರಲ್ಲ ಸರ್, ನನಗೆ ಮೈ ಜುಮ್ಮಂತು. ನಿಮ್ಮ ಜಾಗದಲ್ಲಿ ನಾನಿದ್ದಿದ್ರೆ ಬಾಯಿ ಬಿಡ್ತಿರಲಿಲ್ಲ, ನಿಜ ಹೇಳ್ತೀನಿ. ನಿಜಕ್ಕೂ ಅವತ್ತು ನಿಮ್ಮ ಮೇಲೆ ಸಿಟ್ಟಿತ್ತು. ಬೇಕು ಅಂತಲೇ ಮಾಡ್ತಿದಾರೆ ಅನ್ನಿಸಿತ್ತು. ನಿನ್ನೆ ನಾಚಿಕೆ ಆಯ್ತು ನನಗೇ. ಇಂಥವರ ಬಗ್ಗೆ ಹಾಗೆ ಅಂದುಕೊಂಡೆನಲ್ಲ ಅಂತ."

"ಆ ಕೆಲಸದೋರಿಗೆ ಬರೆದೆಯಾ?"

"ಈಗ ಹೋಗಿ ಬರೀತೀನಿ. ಬರಲ್ಲ ಅಂತ. ಇರಲಿ ಬಿಡಿ ಸರ್. ನನ್ನ ಲೆಕ್ಕದ ಮೇಲೆ ನನಗೇ ನಂಬಿಕೆ ಹೋದಮೇಲೆ..." ಎಂದು ಡಬ್ಬವನ್ನು ಇನ್ನೊಂದು ಬಗಲಿಗೆ ಬದಲಾಯಿಸಿ, ಬಗ್ಗಿ ನನ್ನ ಕಾಲು ಮುಟ್ಟಲು ಬಂದಳು.

ನಾನು ಕುರ್ಚಿ ಸಮೇತ ಹಿಂದಕ್ಕೆ ಸರಿದೆ.

"ಬೆರಳು ಜಾರಲಿಲ್ಲ ಕಣಮ್ಮ. ನಾನು ಏನನ್ನೂ ಹುಡುಕ್ತಿರಲಿಲ್ಲ. ಎಲ್ಲರೂ ಊಟಕ್ಕೆ ಹೋಗೋದನ್ನ ಕಾದು, ಬಾಗಿಲು ಹಾಕ್ಕೊಂಡು, ಆ ಫೈಲನ್ನ ನಾನೇ ತೆರೆದೆ. ಭಾಗಿಸಿ ನೋಡಿದೆ. ನಿನ್ನದು ಸರಿ, ಅದನ್ನ ಹಾಕಿದ್ರೆ ನನ್ನ ಹಳೇದು ತಪ್ಪಾಗುತ್ತೆ ಅಂತ ಅವತ್ತೇ ಗೊತ್ತಾಯ್ತು. ಅದಕ್ಕೇ ಬೇಡ ಅಂದೆ."